ಮುನಿಆಂಜನಪ್ಪನವರ ಜೀಪಿಗೊಂದು ಹಾಸಿಗೆ

ಮುನಿಆಂಜನಪ್ಪನವರ ಮನೆಯಲ್ಲಿ ಮಂಚಗಳಿಗೆ ಕೊರತೆಯಿಲ್ಲ. ಆದರೂ ಈ ಬೇಸಿಗೆಯಲ್ಲಿ ಅವರು ಇನ್ನೊಂದು ಹಾಸಿಗೆ ಮಾಡಿಸಲು ಹೊರಟರು, ಅದೂ ಜೀಪಿನೊಳಗೆ.

ಕೆ.ಆರ್. ಪುರದ ಹಳೇ ಊರಿನಲ್ಲಿ, ಕೆರೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಅವರ ಮನೆ. ಅಂಗಳದ ಒಂದು ಬದಿಗೆ ಬಾಡಿಗೆ ಕೋಣೆಗಳ ಸಾಲು, ಇನ್ನೊಂದು ಬದಿಗೆ ನೀರಿನ ತೊಟ್ಟಿ, ನಡುವೆ ಜೀಪು. ಉದ್ದ ಬಾಡಿ, ಮೇಲೆ ಕ್ಯಾನ್ವಾಸ್ ಹೊದಿಕೆ, ಕೆಸರಿನಲ್ಲಿ ನಾಲ್ಕೂ ಚಕ್ರ ಎಳೆಯಲು ಬೇರೆಯೇ ಒಂದು ಗೇರು. ಬಾಡಿಗೆಯವರು ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿಯನ್ನು ಅದರ ಕಂಬಿಗೇ ಕಟ್ಟುತ್ತಾರೆ. ಜೀಪು ಹೊರಡುವುದು ಅಪರೂಪವಾದ್ದರಿಂದ ಯಾರೂ ಬೇಡವೆನ್ನುವುದಿಲ್ಲ.

ಅದನ್ನು ಅವರು ಮದುವೆಯಾದ ಹೊಸತರಲ್ಲಿ ಬೆನ್ಸನ್ ಟೌನ್‌ನ ನಿವೃತ್ತ ಇಂಜಿನಿಯರ್ ಒಬ್ಬರಿಂದ ಕೊಂಡಿದ್ದರು. ಆ ಹಿರಿಯರಿಗೆ ಮೀನು ಹಿಡಿಯುವ ಹುಚ್ಚು. ವಾರದ ಕೊನೆಗೆ ಇದೇ ಜೀಪಿನಲ್ಲಿ ಕಾವೇರಿ ದಂಡೆಗೆ ಹೋಗಿ, ಮರಳಿನ ಮೇಲೆ ಗಾಡಿ ನಿಲ್ಲಿಸಿ, ಒಳಗೇ ಮಲಗಿ ಬರುತ್ತಿದ್ದರಂತೆ. ಕೀಲಿ ಕೊಡುವಾಗ ಅವರು ಹೇಳಿದರು: "ಒಂದ್ಸಲ ನಿನ್ನ ಹೆಂಡ್ತೀನೂ ಕರ್ಕೊಂಡ್ಹೋಗಪ್ಪ. ಬೆಳಿಗ್ಗೆ ಎದ್ದಾಗ ನದಿ ಕಾಲ್ಹತ್ರಾನೇ ಇರುತ್ತೆ."

ಮುನಿಆಂಜನಪ್ಪ ಮನೆಗೆ ಬಂದವರೇ ಆ ಮಾತನ್ನು ಹೆಂಡತಿ ಮಾರಕ್ಕನಿಗೆ ಹೇಳಿದರು. ಕರೆದುಕೊಂಡು ಹೋಗುತ್ತೇನೆಂದೂ ಸೇರಿಸಿದರು.

ಜೀಪು ಹೋಗಿದ್ದು ಬೇರೆ ದಾರಿಯಲ್ಲಿ. ಆಗ ಕೆ.ಆರ್. ಪುರದ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ದ್ರಾಕ್ಷಿ ಚಪ್ಪರ, ಇವರದೂ ಒಂದು. ಕಪ್ಪಗೆ, ಸಿಪ್ಪೆ ದಪ್ಪಗಿದ್ದು, ತಿಂದರೆ ನಾಲಿಗೆ ನೀಲಿಯಾಗುವ ಹಣ್ಣು. ಮಳೆ ಬಿದ್ದರೆ ಕೆರೆ ಅಂಗಳದ ಜೇಡಿಯಲ್ಲಿ ಎತ್ತಿನ ಗಾಡಿ ಹೂತುಹೋಗುತ್ತಿತ್ತು, ಟೆಂಪೊ ಬರುತ್ತಲೇ ಇರಲಿಲ್ಲ. ಜೀಪು ಮಾತ್ರ ಹಣ್ಣು ತುಂಬಿದ ಬಿದಿರಿನ ಮಂಕರಿಗಳನ್ನು ಹೊತ್ತು ಗುರುಗುಟ್ಟುತ್ತ ರಸ್ತೆಗೆ ಏರುತ್ತಿತ್ತು. ಸಂಜೆಗೆ ಹೊರಟು, ಹಲಸೂರು ದಾಟಿ, ರಸೆಲ್ ಮಾರುಕಟ್ಟೆಯ ಪಕ್ಕ ಜಾಗ ಹಿಡಿದು ನಿಲ್ಲಬೇಕು. ಬೆಳಗಿನ ಹರಾಜಿನವರೆಗೆ ಮಂಕರಿ ಕಾಯಲು ಒಬ್ಬರು ಬೇಕು. ಹಾಗಾಗಿ ಮಾರಕ್ಕನೂ ಬರುತ್ತಿದ್ದರು. ಮಂಕರಿಗಳನ್ನು ಎರಡು ಬದಿಗೆ ಒತ್ತಿ, ನಡುವೆ ಗೋಣಿಚೀಲ ಹಾಸಿ, ಗಂಡ ಹೆಂಡತಿ ಅಲ್ಲೇ ಮಲಗುವುದು.

"ಮನೇಲಿ ಅತ್ತೆ, ಮಾವ, ಮೈದುನರು, ಅವರ ಮಕ್ಕಳು. ಇಬ್ಬರೇ ಕೂತು ಮಾತಾಡಿದ್ದು ಅಂದ್ರೆ ಆ ಜೀಪಲ್ಲೇ," ಎನ್ನುತ್ತಾರೆ ಮಾರಕ್ಕ. "ಈಗ್ಲೂ ದ್ರಾಕ್ಷಿ ವಾಸನೆ ಬಂದ್ರೆ ನಂಗೆ ಮಾತಾಡ್ಬೇಕು ಅನ್ಸುತ್ತೆ."

"ಬರ್ದೆ ಇದ್ರೂ ಅನ್ಸುತ್ತೆ," ಎನ್ನುತ್ತಾರೆ ಗಂಡ.

ಚಪ್ಪರಗಳು ಹೋದವು. ತೋಟದ ಜಾಗದಲ್ಲಿ ಬಡಾವಣೆ ಎದ್ದಿತು. ಮನೆಯಲ್ಲಿದ್ದವರು ತಮ್ಮ ತಮ್ಮ ಪಾಲು ಹಿಡಿದು ಪಕ್ಕಪಕ್ಕದಲ್ಲೇ ಮನೆ ಕಟ್ಟಿಕೊಂಡರು. ಮುನಿಆಂಜನಪ್ಪ ತಮ್ಮ ಪಾಲಿನಲ್ಲಿ ಬಾಡಿಗೆ ಕೋಣೆಗಳನ್ನು ಹಾಕಿಸಿದರು. ಆ ಕಟ್ಟಡ ಏಳುವಾಗ ಜಲ್ಲಿ ರಾಶಿಯಿಂದ ಒಂದು ಕೆಂದು ನಾಯಿಮರಿ ಬಂದು ಜೀಪಿನ ಕೆಳಗೆ ಸೇರಿಕೊಂಡಿತು. ಅದೇ ಕೆಂಚ. ಈಗ ಅದಕ್ಕೆ ಎರಡೂ ಕಣ್ಣು ಬಿಳಿಚಿವೆ, ಏನೂ ಕಾಣುವುದಿಲ್ಲ. ಮಾರಕ್ಕ ಎಲ್ಲಿ ಮಲಗಿದರೂ ಅವರ ಪಾದಕ್ಕೆ ಮೂತಿ ತಾಗಿಸಿಯೇ ಅದು ನಿದ್ದೆ ಹೋಗಬೇಕು. ಪಾದ ಸಿಗದಿದ್ದರೆ ಗೋಡೆಗೋಡೆಗೆ ಬಡಿದುಕೊಳ್ಳುತ್ತ ಹುಡುಕುತ್ತದೆ. ಅದಕ್ಕೇ ಮಾರಕ್ಕ ಹತ್ತಿರದವರ ಮದುವೆಗೂ ಹೋಗಿ ಉಳಿಯುವುದನ್ನು ಬಿಟ್ಟಿದ್ದಾರೆ.

ಈ ವರ್ಷ ಇಂದಿರಾನಗರದ ನಿತೀಶ್ ಎಂಬ ಯುವಕ ಜೀಪನ್ನು ಹುಡುಕಿಕೊಂಡು ಬಂದ. ಹಳೇ ಜೀಪುಗಳನ್ನು ಕೊಂಡು ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದು ಅವನ ಹವ್ಯಾಸ. ಬಾನೆಟ್ ಎತ್ತಿ ನೋಡಿದ, ಕೊಡಿ ಎಂದ. ಮುನಿಆಂಜನಪ್ಪ ಯೋಚಿಸಿ ಹೇಳುತ್ತೇನೆಂದರು. ಅಂದು ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ್ದು ಬೇರೆ.

"ಕಾವೇರಿಗೆ ಹೋಗಾಣ."

"ಕೆಂಚ?"

"ಅವ್ನೂ ಬರ್ಲಿ. ಒಳಗೇ ಜಾಗ ಮಾಡಿಸ್ತೀನಿ. ಮಲಗೋಕೆ, ಸಾಮಾನಿಗೆ, ಅವನಿಗೆ."

ಮಾರಕ್ಕ ಮುದ್ದೆ ಮುರಿದು ಸಾರಿಗೆ ಅದ್ದಿದರು. "ಮೊದ್ಲು ಮಾಡಿಸಿ. ಒಂದು ಮಧ್ಯಾಹ್ನ ನಾನೂ ಕೆಂಚನೂ ಅದ್ರಲ್ಲಿ ಚೆನ್ನಾಗಿ ನಿದ್ದೆ ಮಾಡಿದ್ರೆ ಬರ್ತೀನಿ. ಇಲ್ದಿದ್ರೆ ಆ ಹುಡುಗನಿಗೆ ಕೊಟ್ಬಿಡಿ. ಅಂಗಳನಾದ್ರೂ ಖಾಲಿಯಾಗುತ್ತೆ."

ಶಿವಾಜಿನಗರದಲ್ಲಿ ಅಕ್ತರ್ ಅವರ ಶೆಡ್ಡು ಒಂದು ಗಲ್ಲಿಯ ಕೊನೆಯಲ್ಲಿದೆ. ಸೀಟು ಹೊಲಿಯುವುದು, ಹೊದಿಕೆ ಕಟ್ಟುವುದು, ಅಗತ್ಯಬಿದ್ದರೆ ಪಕ್ಕದ ವೆಲ್ಡರನ್ನು ಕರೆದು ಕಂಬಿ ಕೂಡಿಸುವುದು ಅವರ ಕೆಲಸ. ದ್ರಾಕ್ಷಿಯ ಕಾಲದಲ್ಲಿ ಜೀಪಿನ ಹೊದಿಕೆಗೆ ತೇಪೆ ಹಾಕುತ್ತಿದ್ದವರು ಅವರ ತಂದೆ. ಅಕ್ತರ್ ಜೀಪಿನೊಳಗೆ ಬಗ್ಗಿ ನೋಡಿದರು. ಚಕ್ರಗಳ ಮೇಲೆ ಎರಡು ಬದಿಗೂ ಉದ್ದಕ್ಕೆ ಪ್ಲೈವುಡ್ ಪೆಟ್ಟಿಗೆ ಕೂಡಿಸುವುದೆಂದು ತೀರ್ಮಾನವಾಯಿತು. ಒಂದರಲ್ಲಿ ಒಲೆ, ಪಾತ್ರೆ, ಅಕ್ಕಿ, ರಾಗಿ ಹಿಟ್ಟು. ಇನ್ನೊಂದರಲ್ಲಿ ಬಟ್ಟೆ, ಕಂಬಳಿ, ಕೆಂಚನ ತಟ್ಟೆ. ಎರಡು ಪೆಟ್ಟಿಗೆಗಳ ನಡುವಿನ ಸಂದಿಗೆ ಅಡ್ಡ ಹಲಗೆ ಮುಚ್ಚಿದರೆ ಹಾಸಿಗೆ. ಹಿಂಬಾಗಿಲ ಬಳಿ ನಾಯಿಗೆ ಜಾಲರಿಯ ಗೂಡು. ಮುಂದಿನ ಸೀಟುಗಳ ಬೆನ್ನಿಗೆ ತಲೆದಿಂಬು.

ತಲೆದಿಂಬು ಯಾಕೆ ಆ ಕಡೆ ಎಂದು ಯಾರೂ ಕೇಳಲಿಲ್ಲ. ಅಕ್ತರ್ ಅವರ ಶೆಡ್ಡಿಗೆ ಬರುವ ಗಾಡಿಗಳೆಲ್ಲ ಪಶ್ಚಿಮಕ್ಕೆ ಮೂತಿ ಮಾಡಿ ನಿಲ್ಲುತ್ತವೆ. ನಮಾಜಿಗೆ ಮುಖ ಮಾಡುವ ಆ ದಿಕ್ಕಿಗೆ ಕಾಲು ಚಾಚುವುದು ಅವರಲ್ಲಿ ಸಲ್ಲದು. ಹಾಗಾಗಿ ಅವರ ಕೈಯಲ್ಲಿ ಆದ ಹಾಸಿಗೆಗಳಿಗೆಲ್ಲ ತಲೆ ಮೂತಿಯ ಕಡೆಗೇ. ಮುನಿಆಂಜನಪ್ಪನೂ ಹತ್ತಿ ಮಲಗಿ ನೋಡಿದರು. ಸೂರ್ಯ ಎಲ್ಲಿದ್ದಾನೆಂದು ಬಗ್ಗಿ ಅಂದಾಜು ಮಾಡಿದರು. ತಲೆ ಉತ್ತರಕ್ಕಿಲ್ಲ, ಸರಿ ಎಂದರು. ಮನೆ ಕಟ್ಟುವವರ ಹಾಗೆ ಇಬ್ಬರೂ ದಿಕ್ಕು ನೋಡಿದ್ದರು. ಗಾಡಿ ಓಡುತ್ತದೆ ಎಂಬುದು ಇಬ್ಬರಿಗೂ ಮರೆತುಹೋಗಿತ್ತು.

ಜೀಪು ಮನೆಗೆ ಬಂದ ಮರುದಿನ ಊಟವಾದ ಮೇಲೆ ಪರೀಕ್ಷೆ. ಕೆಂಚನನ್ನು ಎತ್ತಿ ಗೂಡಿನಲ್ಲಿ ಬಿಟ್ಟರು. ಮಾರಕ್ಕ ಹತ್ತಿ, ರೆಕ್ಸಿನ್ ಮೇಲೆ ಕೈಯಾಡಿಸಿ, ಪೆಟ್ಟಿಗೆಯ ಮುಚ್ಚಳಗಳನ್ನು ತೆಗೆದು ಹಾಕಿ, ಕೊನೆಗೆ ಮಲಗಿದರು. ಮಲಗಿದವರು ತಟ್ಟನೆ ಎದ್ದು ಕೂತರು.

"ತಲೆ ಉತ್ತರಕ್ಕೈತಲ್ಲ!"

ಗೇಟು ಇರುವುದು ಅಂಗಳದ ದಕ್ಷಿಣಕ್ಕೆ. ಒಳಗೆ ಬಂದ ಜೀಪು ಉತ್ತರಕ್ಕೇ ಮುಖ ಮಾಡಿ ನಿಲ್ಲುತ್ತದೆ. ಮೊದಲಿನಿಂದಲೂ ಹಾಗೇ ನಿಂತಿದೆ.

ನಲ್ಲಿಯ ಬಳಿ ಪಾತ್ರೆ ತೊಳೆಯುತ್ತಿದ್ದ ಮಾನಮ್ಮನಿಗೆ ನಗು ತಡೆಯಲಾಗಲಿಲ್ಲ. ಯಾದಗಿರಿ ಕಡೆಯಿಂದ ಬಂದು ಗಂಡನೊಂದಿಗೆ ಕೋಣೆಯೊಂದರಲ್ಲಿ ಬಾಡಿಗೆಗಿರುವ ಹೆಂಗಸು. "ಗಾಡಿ ತಿರುವಿ ನಿಂದ್ರಸ್ರಿ ಯಜಮಾನ್ರ, ಮುಗೀತು! ಯವ್ವನ್ನ ಯಾಕ ಎಬ್ಬಸ್ತೀರಿ?"

ಮುನಿಆಂಜನಪ್ಪ ಜೀಪನ್ನು ಹೊರಗೆ ತೆಗೆದು ಹಿಮ್ಮುಖವಾಗಿ ಒಳಗೆ ತಂದರು. ಹಿಂಬಾಗಿಲು ಮನೆಯ ಗೋಡೆಗೆ ತಾಗಿತು, ಹತ್ತಲು ಜಾಗವಿಲ್ಲ. ಮುಂದಕ್ಕೆ ಎಳೆದರು. ಮೂತಿ ಗೇಟು ದಾಟಿ ರಸ್ತೆಗೆ ಬಂತು. ಇಷ್ಟರಲ್ಲಿ ಕೆಂಚ ಪಾದ ಸಿಗದೆ ಜಾಲರಿ ಕೆರೆಯತೊಡಗಿತ್ತು.

"ಇಲ್ಲೇನೋ ತಿರುಗಿಸ್ತೀರಿ," ಎಂದರು ಮಾರಕ್ಕ. "ಹೊಳೆ ದಂಡೇಲಿ ಒಂದೇ ಕಡೆಗೆ ನಿಲ್ಲೋ ಜಾಗ ಇದ್ರೆ? ಹೊಳೆ ತಿರುಗಿಸ್ತೀರಾ?" ನಾಯಿಯನ್ನು ಇಳಿಸಿಕೊಂಡು ಒಳಗೆ ಹೋದರು.

ಮುನಿಆಂಜನಪ್ಪ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೇ ಇದ್ದರು. ಮಾನಮ್ಮ ಪಾತ್ರೆ ಎತ್ತಿಕೊಂಡು ಹೋದಳು, ಈ ಸಲ ನಗಲಿಲ್ಲ. ಸಂಜೆ ಮಾರಕ್ಕ ಕಾಫಿ ತಂದು ಕೊಟ್ಟಾಗ ಅವರು ಕೇಳಿದರು: "ಆವಾಗ ಮಾರ್ಕೆಟ್ ಹತ್ರ ಮಲಗ್ತಿದ್ವಲ್ಲ. ಆವಾಗ ದಿಕ್ಕು ಯಾರು ನೋಡ್ತಿದ್ರು?"

"ನಾನು."

"ಯಾವಾಗ ನೋಡ್ದೆ?"

"ಪ್ರತಿ ಸಲಾನೂ. ಗಾಡಿ ಹೆಂಗೆ ನಿಂತೈತೆ ಅಂತ ನೋಡೇ ಗೋಣಿ ಹಾಸ್ತಿದ್ದೆ. ಒಂದ್ಸಲ ತಲೆ ಹಿಂದಕ್ಕೆ, ಒಂದ್ಸಲ ಮುಂದಕ್ಕೆ. ನೀವು ದಲ್ಲಾಳಿ ಹತ್ರ ಮಾತಾಡಿ ಬಂದು ಸುಮ್ನೆ ಬಿದ್ಕೊಳ್ಳೋರು. ಯಾವ ಕಡೆ ತಲೆ, ಯಾವ ಕಡೆ ಕಾಲು, ಏನೂ ಗೊತ್ತಿರ್ಲಿಲ್ಲ ನಿಮಗೆ."

ಮುನಿಆಂಜನಪ್ಪನಿಗೆ ಇದು ನಿಜವಾಗಿಯೂ ಗೊತ್ತಿರಲಿಲ್ಲ. ದ್ರಾಕ್ಷಿ ಇದ್ದಷ್ಟು ವರ್ಷವೂ ಅವರು ಹಾಸಿದ ಕಡೆ ಮಲಗಿದ್ದರು. ಕಾಫಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಜೀಪಿನ ಒಳಗನ್ನು ಇನ್ನೊಮ್ಮೆ ನೋಡಿದರು. ಗೋಣಿಚೀಲಕ್ಕೆ ತಲೆಯ ಕಡೆ, ಕಾಲಿನ ಕಡೆ ಅಂತ ಇರಲಿಲ್ಲ.

"ನಾಳೆ ಶಿವಾಜಿನಗರಕ್ಕೆ ನೀನೂ ಬಾ," ಎಂದರು. "ಕೆಂಚನೂ ಬರ್ಲಿ."

ಹಳೇ ಮದ್ರಾಸ್ ರಸ್ತೆಯುದ್ದಕ್ಕೂ ಮೆಟ್ರೊ ಕಂಬಗಳ ನೆರಳಿನಲ್ಲಿ ಜೀಪು ತೆವಳಿತು. ಮಾರಕ್ಕ ಎಡಗಡೆ ಸೀಟಿನಲ್ಲಿ, ಕೆಂಚ ಅವರ ಕಾಲಬುಡದಲ್ಲಿ. ಹಲಸೂರು ಬಂದಾಗ ಮಾರಕ್ಕ, "ಇಲ್ಲಿ ಒಂದ್ಸಲ ಮಂಕರಿ ಬಿದ್ದಿತ್ತು, ನೆನಪೈತಾ? ದಾರಿಹೋಕರೆಲ್ಲ ಆಯ್ಕೊಟ್ರು" ಎಂದರು. ಆಯ್ದವರು ಕೊಟ್ಟದ್ದಕ್ಕಿಂತ ತಿಂದದ್ದೇ ಹೆಚ್ಚೆಂದು ಗಂಡ ತಿದ್ದಿದರು.

ಅಕ್ತರ್ ಕಥೆ ಕೇಳಿ ತಲೆ ಕೆರೆದುಕೊಂಡರು. "ಅರೆ ಅಣ್ಣಾ, ನಿಮಗೆ ಉತ್ತರಕ್ಕೆ ತಲೆ ಆಗಲ್ಲ. ನಮಗೆ ಪಶ್ಚಿಮಕ್ಕೆ ಕಾಲು ಆಗಲ್ಲ. ಹಿಂಗಾದ್ರೆ ಗಾಡಿ ಎಲ್ಲಿ ನಿಲ್ಲಿಸೋದು? ಗಾಳೀಲಾ?"

"ನೀವೂ ಬರ್ತೀರಾ ಭಾಯಿ ನಮ್ಜೊತೆ?" ಎಂದರು ಮಾರಕ್ಕ.

"ಕರೆದ್ರೆ ಬರ್ತೀನಮ್ಮಾ."

"ಕರೆಯಲ್ಲ. ನೀವು ಹಲಗೆ ಬಿಚ್ಚಿ ಸಾಕು."

ಮಾರಕ್ಕ ಹೇಳುತ್ತ ಹೋದರು, ಅಕ್ತರ್ ಮಾಡುತ್ತ ಹೋದರು. ಮೊದಲು ಜಾಲರಿಯ ಗೂಡು ಹೊರಬಿತ್ತು. ಸೀಟಿಗೆ ಅಂಟಿಸಿದ್ದ ತಲೆದಿಂಬು ಬಿಚ್ಚಿ, ಎಲ್ಲಿ ಬೇಕಾದರೂ ಇಡುವ ದಿಂಬಾಯಿತು. ನಡುವಿನ ಹಲಗೆಯನ್ನು ಮೂರು ತುಂಡು ಮಾಡಿದರು. ಯಾವ ಕಡೆಗೆ ಕಾಲು ಬರುತ್ತದೋ ಆ ತುದಿಯ ತುಂಡನ್ನು ಎತ್ತಿಬಿಟ್ಟರೆ ಅಲ್ಲೊಂದು ತಗ್ಗು. ಅದರಲ್ಲಿ ಕೆಂಚನ ಚಾಪೆ. ಮಲಗಿದವರ ಪಾದ ಪೆಟ್ಟಿಗೆಯ ಅಂಚಿನಿಂದ ಆ ತಗ್ಗಿಗೆ ಚೂರು ಇಳಿದಿರುತ್ತದೆ. ನಾಯಿಯ ಮೂತಿಗೆ ಸಿಗುವಷ್ಟು. ಜೀಪು ಹೇಗೆ ನಿಂತರೂ ದಿಂಬು ಒಂದು ಕಡೆಗೆ, ನಾಯಿ ಇನ್ನೊಂದು ಕಡೆಗೆ ಹೋಗುತ್ತದೆ. ತಗಡು ನೆಲದ ಮೇಲೆ ಉಗುರು ಜಾರದಿರಲೆಂದು ಅಕ್ತರ್ ತಾವಾಗಿಯೇ ರಬ್ಬರ್ ಹಾಸನ್ನು ಕತ್ತರಿಸಿ ಅಂಟಿಸಿದರು.

ಕೆಲಸ ಮುಗಿಯುವಾಗ ಊಟದ ಹೊತ್ತು ದಾಟಿತ್ತು. ಮನೆಗೆ ಹೋಗುವ ಮೊದಲು ಮಾರುಕಟ್ಟೆ ನೋಡಬೇಕೆಂದರು ಮಾರಕ್ಕ. ರಸೆಲ್ ಮಾರುಕಟ್ಟೆಯ ಪಕ್ಕದ ಬೀದಿಯಲ್ಲಿ ಹೇಗೋ ಒಂದು ಸಂದಿ ಸಿಕ್ಕಿತು. ಹಳೇ ಜಾಗವಲ್ಲ, ಅದರ ಹತ್ತಿರ. ಮಾರಕ್ಕ ಹಣ್ಣಿನ ಸಾಲಿಗೆ ಹೋಗಿ ಕರಿದ್ರಾಕ್ಷಿಯ ಪೊಟ್ಟಣದೊಂದಿಗೆ ಬಂದರು. ಒಂದು ಬಾಯಿಗೆ ಹಾಕಿ, "ನಮ್ಮದರ ಹುಳಿ ಇದಕ್ಕಿಲ್ಲ" ಎಂದರು. ಆದರೂ ಇಬ್ಬರೂ ಹಿಂಬಾಗಿಲಲ್ಲಿ ಕೂತು ತಿಂದರು. ಸಿಪ್ಪೆಯನ್ನು ಕೆಂಚ ಮೂಸಿ ಬಿಟ್ಟಿತು.

"ಬಿಸಿಲಿಳೀಲಿ, ಹೋಗಾಣ," ಎಂದು ಮಾರಕ್ಕ ಒಳಗೆ ಸರಿದರು. ಜೀಪಿನ ಮೂತಿ ಎತ್ತ ಇದೆ, ಬಿಸಿಲು ಎಲ್ಲಿಂದ ಬೀಳುತ್ತಿದೆ ಎಂದು ಒಮ್ಮೆ ಕಣ್ಣುಹಾಯಿಸಿದರು. ದಿಂಬನ್ನು ಹಿಂಬಾಗಿಲ ಕಡೆಗೆ ಎಳೆದುಕೊಂಡರು. ಮುಂದಿನ ತುದಿಯ ತುಂಡನ್ನು ತಾವೇ ಎತ್ತಿ ಪಕ್ಕಕ್ಕಿಟ್ಟು, ಕೆಂಚನನ್ನು ತಗ್ಗಿಗೆ ಇಳಿಸಿದರು. ಅದು ಸುತ್ತಿ ಸುತ್ತಿ, ಪಾದ ಹುಡುಕಿ, ಮೂತಿ ತಾಗಿಸಿ ಮುದುಡಿತು.

ಮುನಿಆಂಜನಪ್ಪ ಡ್ರೈವರ್ ಸೀಟಿನಲ್ಲಿ ಕೂತು ಕಾದರು. ತಳ್ಳುಗಾಡಿಯವನು ನಿಂಬೆಹಣ್ಣು ಕೂಗಿಕೊಂಡು ಹೋದ. ಮಸೀದಿಯಿಂದ ಇಳಿಹೊತ್ತಿನ ಬಾಂಗು ಕೇಳಿತು. ಹಿಂದಿನಿಂದ ಮಾತಿಲ್ಲ. ತಿರುಗಿ ನೋಡಿದರೆ ಮಾರಕ್ಕನ ಬಾಯಿ ಚೂರು ತೆರೆದಿತ್ತು. ತಗ್ಗಿನಲ್ಲಿ ಕೆಂಚನ ಹೊಟ್ಟೆ ಏರಿಳಿಯುತ್ತಿತ್ತು.

ಆಟೊದವನೊಬ್ಬ ಪಕ್ಕಕ್ಕೆ ಬಂದು ಹಾರ್ನ್ ಒತ್ತಿದ. "ಗುರು, ಸ್ವಲ್ಪ ಮುಂದೆ ತಗೋ!"

ಮುನಿಆಂಜನಪ್ಪ ಹೊರಗೆ ಕೈ ಚಾಚಿ, ಸುತ್ತಿಕೊಂಡು ಹೋಗೆಂದು ಸನ್ನೆ ಮಾಡಿದರು. ಆಟೊದವನು ಒಳಗೆ ಇಣುಕಿದ, ಮಲಗಿದ ಹೆಂಗಸನ್ನೂ ನಾಯಿಯನ್ನೂ ನೋಡಿದ, ಏನೋ ಗೊಣಗಿ ಹಿಂದಕ್ಕೆ ತೆಗೆದುಕೊಂಡ.

ಆಮೇಲೆ ಜೇಬಿನಲ್ಲಿ ಫೋನ್ ಅಲ್ಲಾಡಿತು. ನಿತೀಶ್. ಯೋಚಿಸಿದಿರಾ ಅಂಕಲ್, ಈ ಭಾನುವಾರ ಬಂದು ಗಾಡಿ ತಗೊಂಡು ಹೋಗಲೇ ಎಂದು ಕೇಳಿದ.

ಮುನಿಆಂಜನಪ್ಪ ಫೋನಿಗೆ ಅಂಗೈ ಅಡ್ಡ ಹಿಡಿದು, ದನಿ ತಗ್ಗಿಸಿ ಹೇಳಿದರು:

"ಆಗಲ್ಲಪ್ಪ. ಒಳಗೆ ಜನ ಮಲಗವ್ರೆ."