ರಾಣಿ ಯಾರ ದಾರಿ ಕಾಯುತ್ತಿದ್ದಳು?

ಇಲ್ಲದ ಕಿಟಕಿಯೊಂದನ್ನು ಆ ಹಿರಿಯಾಕೆ ಎರಡೂ ಕೈಯಿಂದ ತೆರೆದರು.

ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಸಂಜೆಯ ತಾಲೀಮು ನಡೆದಿತ್ತು. ಮದರಾಸಿನ ಕಾಲೇಜಿನಲ್ಲಿ ನಮಗೆ ಪಠ್ಯವಾಗಿದ್ದ ನಾಟಕವನ್ನು ರಜೆಯಲ್ಲಿ ನಮ್ಮೂರಿನ ಕಡೆ ಆಡಲು ಹೊರಟಿದ್ದೆವು. ಹೆಣ್ಣುಪಾತ್ರಗಳಿಗೂ ಹುಡುಗರೇ; ನನ್ನದು ರಾಣಿಯ ಪಾತ್ರ. ಮಾತೆಲ್ಲ ಬಾಯಿಪಾಠವಾಗಿದ್ದರೂ ಜೀವ ಬರುತ್ತಿರಲಿಲ್ಲ. ಗುಡಿಗೆ ಬಂದಿದ್ದ ಮರಿಯಮ್ಮನಹಳ್ಳಿಯ ಈ ಹಳೆಯ ನಟಿ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದರು.

“ಮಾತು ಛಲೋ ಕಲ್ತೀ ತಮ್ಮಾ. ಆದ್ರ ರಾಣಿ ಯಾರ ದಾರಿ ಕಾಯಾಕತ್ತಾಳ?” ಎಂದರು. ನನಗೆ ಗೊತ್ತಿರಲಿಲ್ಲ.

ಆಗಲೇ ಅವರು ಎದ್ದುಬಂದು, ಗಾಳಿಯಲ್ಲಿ ಕಿಟಕಿ ತೆರೆದು, ದೂರಕ್ಕೆ ನೋಡುತ್ತ ನಿಂತದ್ದು. ನಾವೆಲ್ಲ ಹೊಳೆಯ ಕಡೆ ತಿರುಗಿದೆವು. ಹೊಂಬಣ್ಣದ ಮಬ್ಬಿನಲ್ಲಿ ಯಾರೋ ಬರುತ್ತಿದ್ದಂತೆಯೇ ಇತ್ತು.

ಮರುದಿನ ಹೊಸಪೇಟೆಯ ಪ್ರದರ್ಶನದಲ್ಲಿ ಎರಡು ಕಡೆ ನನ್ನ ಮಾತು ತಪ್ಪಿಹೋಯಿತು. ಆದರೆ ಆ ಮಬ್ಬಿನಲ್ಲಿ ಬರುತ್ತಿದ್ದವರು ಕಣ್ಣ ಮುಂದಿದ್ದರು; ಯಾರಿಗಾಗಿ ಕಾಯುತ್ತಿದ್ದೇನೆಂದು ನನಗೆ ಗೊತ್ತಿತ್ತು. ಸಭೆಯೂ ನನ್ನೊಡನೆ ಕಾಯಿತು.