ಬಳೆ ಚೂರಿನಿಂದ ಐವತ್ತು ಮೀಟರ್

ಸರ್ವೇಯರ್ ರುದ್ರಪ್ಪನವರ ಅಂಗಿ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅಳೆಯಲು ಹೋದ ಕಡೆಯೆಲ್ಲ ನೆಲದಲ್ಲಿ ಕಂಡದ್ದನ್ನು ಹೆಕ್ಕಿ ತುಂಬಿಕೊಂಡು ಬರುವ ಚಾಳಿ. ಎತ್ತಿನ ಲಾಳ, ಮಡಕೆ ಚೂರು, ಒಮ್ಮೆ ಯಾರದೋ ದವಡೆ ಹಲ್ಲು! ಅಜ್ಜಂಪುರದ ನಮ್ಮ ಮನೆಯ ಹೊರಗಿನ ರೂಮಿನಲ್ಲಿ ಬಾಡಿಗೆಗಿದ್ದರು. ಸಂಜೆ ಜಗಲಿಯ ಮೇಲೆ ಎಲ್ಲವನ್ನೂ ಸುರಿದು, "ಅಮ್ಮಾವ್ರೇ, ಇದು ಅಲ್ಲಿಗೆ ಯಾಕ್ ಬಂತು ಹೇಳಿ?" ಅನ್ನುವರು. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಗ್ರಾಮರ್, ನೀಡಲ್‌ವರ್ಕ್, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿದ್ದರು. ಹೀಗೆ "ಯಾಕೆ" ಅಂತ ಕೇಳುವುದನ್ನು ಮಾತ್ರ ಕಲಿಸಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಗಣಿ ಪರ್ಮಿಟ್ಟಿನ ರೂಲ್ಸ್ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಓದಿ ಅವರಿಗೆ ಅರ್ಥ ಹೇಳುತ್ತಿದ್ದೆ. ಕೆರೆ, ಕಾಲುವೆ, ರೈಲು ಹಳಿಯಿಂದ ಐವತ್ತು ಮೀಟರ್ ಒಳಗೆ ಗಣಿ ತೋಡುವಂತಿಲ್ಲ ಎಂದಾಗ ಕೈ ಅಡ್ಡ ಹಿಡಿದು ತಡೆದರು.

"ಕೆರೆಯಿಂದ ಅಂದ್ರೆ ಎಲ್ಲಿಂದ ಅಮ್ಮಾವ್ರೇ? ಬೇಸಿಗೇಲಿ ತಟ್ಟೆಯಷ್ಟಿರುತ್ತೆ, ತುಂಬಿದ್ರೆ ಊರಷ್ಟಾಗುತ್ತೆ."

ಗುಡ್ ಕ್ವೆಶ್ಚನ್, ಅಂದೆ. ಪುಸ್ತಕವನ್ನು ಎಷ್ಟು ತಿರುವಿದರೂ ನಮಗೆ ಉತ್ತರ ಸಿಗಲಿಲ್ಲ.

ಅದೇ ಬೇಸಿಗೆಯಲ್ಲಿ ಶಿವನಿ ಕಡೆಯ ಒಂದು ಕೆರೆಯ ಪಕ್ಕ ಸುಣ್ಣದ ಕಲ್ಲು ತೆಗೆಯಲು ಅರ್ಜಿ ಬಂತು. ಅರ್ಜಿ ಹಾಕಿದವರು ಮರುಳಪ್ಪ, ರುದ್ರಪ್ಪನವರ ಬೀಗರು. ರುದ್ರಪ್ಪನವರು ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಸಾಕಿದ ಮಗಳು ಗಿರಿಜಳನ್ನು ಹಿಂದಿನ ವರ್ಷವಷ್ಟೇ ಆ ಮನೆಗೆ ಕೊಟ್ಟಿದ್ದರು. ಬೇರೆಯವರನ್ನು ಕಳಿಸಿ ಎಂದು ಆಫೀಸಿನಲ್ಲಿ ಕೇಳಿಕೊಂಡರು. ಬೇರೆ ಸರ್ವೇಯರ್ ಇರಲಿಲ್ಲ. ಕ್ಯೂರಿಯಾಸಿಟಿ ತಡೆಯಲಾರದೆ ನಾನೂ ಜೊತೆಗೆ ಹೊರಟೆ.

ಮರುಳಪ್ಪ ನೀರಿನ ಅಂಚಿನಲ್ಲೇ ನಿಂತಿದ್ದರು. "ಬನ್ನಿ ಬೀಗ್ರೇ, ಇಲ್ಲಿಂದ ಹಿಡೀರಿ ಚೈನು. ಹೋಳಿಗೆ ಮಾಡ್ಸಿದೀನಿ, ಆರೋಗ್ತದೆ."

ಅಲ್ಲಿಂದ ಕಲ್ಲಿನ ಜಾಗ ನೂರು ಮೀಟರ್ ಮೇಲೆಯೇ ಇತ್ತು. ರುದ್ರಪ್ಪನವರು ಚೈನು ಬಿಚ್ಚಲಿಲ್ಲ. ಒಣಗಿ ಬಿರಿದ ಮಣ್ಣನ್ನು ಕೋಳಿಯಂತೆ ಕೆದಕುತ್ತ ಮೇಲೆ ಮೇಲೆ ನಡೆದರು. ಮರುಳಪ್ಪನವರ ಹೆಂಡತಿ ಮಜ್ಜಿಗೆ ತಂದರು. ಲೋಟ ತೆಗೆದುಕೊಳ್ಳುತ್ತ ಇವರು ಕೇಳಿದರು: "ತಂಗ್ಯವ್ವಾ, ಕೆರೆ ತುಂಬಿದಾಗ ಬಾಗಿನ ಎಲ್ಲಿ ಬಿಡ್ತೀರಿ?"

"ಅಗೋ, ಆ ಕರೀ ಬಂಡೆ ಹತ್ರ ಕಣಣ್ಣ. ನೀರು ಅಲ್ಲಿಗ್ ಮುಟ್ಟಿದ್ ಮೇಲೇ ಬಿಡೋದು. ನಮ್ಮತ್ತೆ ಕಾಲದಿಂದ್ಲೂ ಹಂಗೇ."

"ಲೇ, ನಿನ್ನ ಯಾರೇ ಕೇಳಿದ್ದು?" ಮರುಳಪ್ಪ ಗದರಿದರು.

"ಅಣ್ಣ ಕೇಳಿದ್ರಲ್ಲ!"

ಬಂಡೆಯ ಕೆಳಗೆ ಮಣ್ಣಿನಲ್ಲಿ ಹಸಿರು ಗಾಜಿನ ಬಳೆ ಚೂರುಗಳು. ವರ್ಷ ವರ್ಷ ಹೆಂಗಸರು ಮೊರದಲ್ಲಿಟ್ಟು ನೀರಿಗೆ ಬಿಟ್ಟ ಬಳೆಗಳು, ದಡದುದ್ದಕ್ಕೂ ಗೆರೆ ಎಳೆದಂತೆ. ರುದ್ರಪ್ಪನವರು ಅಲ್ಲಿ ಗೂಟ ಹೊಡೆದರು. ಅಲ್ಲಿಂದ ಕಲ್ಲಿನ ಜಾಗಕ್ಕೆ ಇಪ್ಪತ್ತು ಮೀಟರೂ ಇರಲಿಲ್ಲ.

"ಮಗಳನ್ನ ಕೊಟ್ಟ ಮನೆ ಅನ್ನೋದಾದ್ರೂ ನೆಪ್ಪಿರಬೇಡ್ವಾ?"

"ನೆಪ್ಪಿರೋದ್ಕೇ ಬೀಗ್ರೇ. ನೀವು ಗುಂಡಿ ತೋಡಿದ್ರೆ ಕೆರೆ ನೀರೆಲ್ಲ ಅದಕ್ಕೆ ಇಳೀತದೆ. ನಾಳೆ ಹುಟ್ಟೋ ನನ್ನ ಮೊಮ್ಮಗ ಏನ್ ಕುಡೀಬೇಕು?"

ಹೋಳಿಗೆ ನಮಗೆ ಸಿಗಲಿಲ್ಲ. ಪರ್ಮಿಟ್ಟು ಮರುಳಪ್ಪನವರಿಗೆ ಸಿಗಲಿಲ್ಲ. ಗೌರಿ ಹಬ್ಬಕ್ಕೆ ಮಗಳನ್ನು ಕರೆಯಲು ಹೋದ ರುದ್ರಪ್ಪನವರು ಒಬ್ಬರೇ ವಾಪಸ್ಸು ಬಂದರು. ಅವಳು ಇನ್ನು ತವರಿನ ಹೊಸ್ತಿಲು ತುಳಿಯುವಂತಿಲ್ಲವಂತೆ, ಅಪ್ಪನ ಮುಖ ನೋಡುವಂತಿಲ್ಲವಂತೆ. ಅಂದು ಜಗಲಿಯ ಮೇಲೆ ಏನನ್ನೂ ಸುರಿಯಲಿಲ್ಲ.

"ತಪ್ಪಾಯ್ತು ಅನ್ಸುತ್ತಾ?" ಕೇಳಿದೆ.

"ಅಳತೆ ತಪ್ಪಲಿಲ್ಲ ಅಮ್ಮಾವ್ರೇ. ಮಿಕ್ಕಿದ್ದು ಗೊತ್ತಿಲ್ಲ."

ಎರಡು ವರ್ಷದ ಮೇಲೆ ಕೆರೆ ತುಂಬಿತು. ಅವರಿಗೆ ಕಡೂರಿಗೆ ಟ್ರಾನ್ಸ್‌ಫರ್ ಆಗಿತ್ತು. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಹೋದೆ. ಟ್ರಂಕಿನ ಮೇಲೆ ಕೂತಿದ್ದರು.

"ನಿನ್ನೆ ಕೆರೆಗೆ ಹೋಗಿದ್ದೆ. ನೀರು ಬಂಡೆಗೆ ಸರಿಯಾಗಿ ಮುಟ್ಟಿತ್ತು ನೋಡಿ. ಬಾಗಿನ ಬಿಡೋಕೆ ಹೆಂಗಸ್ರೆಲ್ಲ ಬಂದಿದ್ರು. ಬೀಗಿತ್ತಿ ಗಿರಿಜನ್ನೂ ಕರ್ಕಂಡ್ ಬಂದಿದ್ರು. 'ಅಣ್ಣ, ಮಗಳ ಹತ್ರ ಮಾತಾಡ್ಕಳಿ, ನಾನು ಆ ಕಡೆ ತಿರುಗಿರ್ತೀನಿ, ಏನೂ ನೋಡ್ಲಿಲ್ಲ' ಅಂದ್ರು."

ಆಮೇಲೆ ಜೇಬಿಗೆ ಕೈಹಾಕಿ ಅಂಗೈ ಚಾಚಿದರು. ಕೂಸಿನ ಕೈಗೆ ಹಾಕುವ ಪುಟ್ಟ ಕಪ್ಪು ಬಳೆ. ಚೂರಲ್ಲ, ಇಡೀ ಬಳೆ.

"ಇದು ನನ್ನ ಜೇಬಿಗೆ ಯಾಕ್ ಬಂತು, ಹೇಳಿ?"

ಅಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಉತ್ತರ ಗೊತ್ತಿತ್ತು. ಹೇಳುವಷ್ಟರಲ್ಲಿ ಕಡೂರಿನ ಬಸ್ಸು ಬಂತು, ಟ್ರಂಕನ್ನು ಮೇಲಕ್ಕೇರಿಸಿದರು. ಮತ್ತೆ ಅವರನ್ನು ನಾನು ನೋಡಲಿಲ್ಲ.