ಮೂರನೆಯ ಡಬ್ಬಿ

ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದಾಗ ಹಿತ್ತಲಿನ ಬಾವಿಯ ಹತ್ತಿರ ಯಾರೋ ಅಳುತ್ತಾರೆ ಎಂದು ಹುಡುಗಿಯರೆಲ್ಲ ಹೆದರಿ ಒಂದೇ ಹಾಸಿಗೆಯಲ್ಲಿ ಮುದುಡಿ ಮಲಗಿದ್ದೆವು. ವಾರ್ಡನ್ ಸಿಸ್ಟರ್ ಬೈಯಲಿಲ್ಲ. ನಮ್ಮನ್ನೇ ಕರೆದುಕೊಂಡು ಹೋಗಿ, ಬಾವಿಯ ರಾಟೆಯ ತುಕ್ಕು ಹಿಡಿದ ಗಾಲಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರು. ಅಳು ನಿಂತಿತು. ಅಂದಿನಿಂದ ಯಾರಾದರೂ ವಿಚಿತ್ರ ಕಥೆ ಹೇಳಲು ಕುಳಿತರೆ ನನ್ನ ಮನಸ್ಸು ಮೊದಲು ಗಾಲಿಯನ್ನು ಹುಡುಕುತ್ತದೆ. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ಗಾಲಿ ನಿಮಗೆ ಕಂಡರೆ ನನಗೂ ತಿಳಿಸಿ.

ಮೂರು ವರ್ಷದ ಹಿಂದಿನ ಒಂದು ಗುರುವಾರ ಅದು. ಐದೂಮುಕ್ಕಾಲಿಗೆ ಎದ್ದು ಎಂದಿನಂತೆ ರೊಟ್ಟಿಗೆ ನೀರು ಕುದಿಯಲಿಟ್ಟೆ. ನನ್ನ ಯಜಮಾನರು ತಮ್ಮ ಸೋದರತ್ತೆಯ ಮಗಳ ಹೊಸ ಮನೆಯ ಪೂಜೆಗೆಂದು ಹಿಂದಿನ ಸಂಜೆಯೇ ಮೂಡಲಗಿಗೆ ಹೋಗಿದ್ದರು. ಮಗಳಿಗೆ ಗಣಿತದ ಪರೀಕ್ಷೆ. ಒಂದು ಜಡೆಯ ರಿಬ್ಬನ್ ಸಿಗದೆ ಅವಳು ಅಳುವ ಹೊತ್ತಿಗೆ ಅದು ಅವಳ ಕಂಪಾಸ್ ಪೆಟ್ಟಿಗೆಯಲ್ಲೇ ಸಿಕ್ಕಿತು. ಮಾವನವರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ದೇವರ ಕೋಣೆಯ ಮೊಳೆಗೆ ತೂಗುಹಾಕಿದ್ದ ಅಂಗಡಿಯ ಕೀಲಿಗೊಂಚಲು ತೆಗೆದುಕೊಂಡಾಗ ಎಂಟೂವರೆ. ಯಜಮಾನರಿಲ್ಲದ ದಿನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂರುವುದು ನನ್ನ ಪಾಲಿನ ಕೆಲಸ.

ಗೋಕಾಕದ ಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಮನೆಯಿಂದ ಹತ್ತು ನಿಮಿಷದ ದಾರಿ. ಆಗ ಹೊಸದಾಗಿ ಬಿಲ್ ಮಾಡುವ ಕಂಪ್ಯೂಟರ್ ಬಂದಿತ್ತು. ಯಾವ ಸಾಮಾನು ಎಷ್ಟು ಉಳಿದಿದೆ ಎಂಬುದನ್ನು ಅದೇ ನೋಡಿಕೊಂಡು, ನಾವು ಹೇಳಿದ ಅಂಕಿಗಿಂತ ಕಡಿಮೆಯಾದ ಕೂಡಲೇ ಹುಕ್ಕೇರಿ ಕಡೆಯ ಗೋದಾಮಿಗೆ ತಾನಾಗಿಯೇ ಆರ್ಡರ್ ಕಳಿಸುತ್ತಿತ್ತು. ಸೋಮವಾರ ಮತ್ತು ಗುರುವಾರ ಗಾಡಿ ಬರುತ್ತದೆ. ಅದೇ ದಿನ ಬೆಳಿಗ್ಗೆ ಆರರೊಳಗೆ ಹೋದ ಆರ್ಡರ್ ಮಾತ್ರ ಆ ಗಾಡಿಗೆ ಸೇರುತ್ತದೆ. ಆರು ದಾಟಿದರೆ ಮುಂದಿನ ಗಾಡಿಗೆ. ಕಂಪ್ಯೂಟರ್ ತಾನೇ ಹಾಕಿದ್ದರೆ ಬಿಲ್ಲಿನ ಮೂಲೆಯಲ್ಲಿ ‘ಆಟೊ’ ಎಂದು, ನಮ್ಮ ಫೋನಿನಿಂದ ಹಾಕಿದ್ದರೆ ‘ಮೊಬೈಲ್’ ಎಂದು, ಅಂಗಡಿಯಲ್ಲಿ ಕುಳಿತು ಕೈಯಿಂದ ಹಾಕಿದ್ದರೆ ‘ಕೌಂಟರ್’ ಎಂದು ಅಚ್ಚಾಗಿರುತ್ತದೆ.

ಎಲ್ಲ ಸರಿಯಾಗಿತ್ತು, ಮಾವನವರ ಒಂದು ಪದ್ಧತಿಯ ಹೊರತು. ಅವರ ಅಂಗಡಿಯಲ್ಲಿ ಯಾವ ಚೀಲವನ್ನೂ ಪೂರ್ತಿ ಝಾಡಿಸುವುದಿಲ್ಲ. ತಳದಲ್ಲಿ ಒಂದು ಹಿಡಿ ಉಳಿಸಿ, ಅದರ ಮೇಲೆ ಹೊಸ ಮಾಲು ಸುರಿಯಬೇಕು. ಖಾಲಿ ಎಂದು ಬಾಯಲ್ಲಿ ಅನ್ನಬಾರದು, ಬರೆಯಲೂಬಾರದು. ಬೇಳೆ, ಸಕ್ಕರೆಗೇನೋ ಆಗುತ್ತದೆ; ಡಬ್ಬಿಯಲ್ಲಿ ಬರುವ ಸಾಮಾನಿನ ಹಿಡಿಯನ್ನು ಎಲ್ಲಿಂದ ಉಳಿಸುವುದು? “ಸೊನ್ನಿ ಬರೀಬ್ಯಾಡವ್ವಾ, ಒಂದು ಅಂತ ಬರಿ,” ಎನ್ನುತ್ತಿದ್ದರು. ಅಂಥ ಸಾಮಾನಿಗೆ ನಾವು ಹೇಳಿದ ಅಂಕಿಯೂ ಒಂದೇ; ಒಂದು ಇದೆ ಎಂದು ಬರೆದರೆ ಕಂಪ್ಯೂಟರ್ ಆರ್ಡರ್ ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹಿರಿಯರ ಮನಸ್ಸು ಯಾಕೆ ನೋಯಿಸಬೇಕೆಂದು ಒಂದು ಎಂದೇ ಬರೆಯುತ್ತಿದ್ದೆ. ಅಂಥ ನಾಲ್ಕೈದು ಸಾಮಾನುಗಳ ಆರ್ಡರನ್ನು ಬುಧವಾರ ನೆನಪಿಟ್ಟು ನಾನೇ ಫೋನಿನಿಂದ ಹಾಕುತ್ತಿದ್ದೆ.

ಆ ಬುಧವಾರ ಮರೆತಿದ್ದೆ. ಮಗಳಿಗೆ ಭಾಗಾಕಾರ ಹೇಳಿಕೊಡುತ್ತ ಕುಳಿತು ಪೂರ್ತಿ ಮರೆತಿದ್ದೆ. ಅಂಗಡಿಗೆ ಹೋಗಿ ಮೇಲಿನ ಕಪಾಟಿನಲ್ಲಿ ಖಾಲಿ ಜಾಗ ಕಂಡಾಗಲೇ ನನಗೆ ನೆನಪಾದದ್ದು.

ಆ ಜಾಗ ಸೋಯಾ ಹಾಲಿನ ಪುಡಿಯದು. ಅದನ್ನು ಒಯ್ಯುವವರು ಒಬ್ಬರೇ, ಕಲ್ಲೋಳಿಯ ಗಂಗವ್ವಜ್ಜಿ. ಆಕೆಯ ಮೊಮ್ಮಗನಿಗೆ ಆಗ ಎಂಟು ತಿಂಗಳು. ತಾಯಿಗೆ ಹಾಲಿರಲಿಲ್ಲ, ಆಕಳ ಹಾಲು ಒಂದು ಚಮಚ ಹೋದರೂ ಕೂಸು ವಾಂತಿ ಮಾಡಿ, ಮೈಯೆಲ್ಲ ಕೆಂಪಗಾಗಿ ಒಮ್ಮೆ ದವಾಖಾನೆ ಸೇರಿ ಬಂದಿತ್ತು. ಡಾಕ್ಟರು ಈ ಪುಡಿಯನ್ನೇ ಬರೆದುಕೊಟ್ಟಿದ್ದರು. ಪ್ರತಿ ಗುರುವಾರ ಮಧ್ಯಾಹ್ನ ಅಜ್ಜಿ ಬಸ್ಸಿನಲ್ಲಿ ಬಂದು ಎರಡು ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಎರಡು ಡಬ್ಬಿ ಸರಿಯಾಗಿ ಒಂದು ವಾರ. ಶುಕ್ರವಾರಕ್ಕೆ ಒಂದು ಚಮಚವೂ ಉಳಿಯುವುದಿಲ್ಲ.

ಅಂದು ನಾನು ಪಟ್ಟ ಪಾಡನ್ನು ಈಗ ನೆನೆಸಿದರೂ ಹಲ್ಲು ಕಚ್ಚುವಂತಾಗುತ್ತದೆ. ಕಂಪ್ಯೂಟರಿನಲ್ಲಿ ಒಮ್ಮೆ ಬರೆದಿಟ್ಟ ಒಂದನ್ನು ಅಳಿಸಿ ಸೊನ್ನೆ ಮಾಡಹೋದರೆ ಮಾಲೀಕರ ಪಾಸ್‌ವರ್ಡ್ ಕೇಳಿತು. ಮೂಡಲಗಿಗೆ ಫೋನ್ ಮಾಡಿದರೆ ಆ ಕಡೆ ಮಂಗಳವಾದ್ಯ. ಯಜಮಾನರು ಮೂರು ಸಲ “ಹಲೋ, ಕೇಳವಲ್ದು” ಎಂದು ಇಟ್ಟುಬಿಟ್ಟರು. ಕಂಪ್ಯೂಟರ್ ಕೊಟ್ಟ ಕಂಪನಿಯ ಸಹಾಯವಾಣಿಯಲ್ಲಿ ಹದಿನೈದು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಿದಳು. ಇವತ್ತಿನ ಗಾಡಿಗೆ ಈ ಸಾಮಾನಿನ ಆರ್ಡರ್ ಇಲ್ಲ ಎಂದು ನೋಡಿ ಹೇಳಿದಳು.

“ನಿಮ್ಮಲ್ಲಿ ಸ್ಟಾಕ್ ಒಂದು ತೋರಿಸ್ತಾ ಇದೆ ಮೇಡಂ. ಸದ್ಯಕ್ಕೆ ಅದನ್ನೇ ಕೊಡಿ.”

“ಇಲ್ಲಮ್ಮಾ, ಆ ಒಂದು ಖರೆ ಇಲ್ಲ. ನಾವ ಸುಮ್ನ ಬರದದ್ದು.”

“ಇಲ್ಲದ್ದನ್ನ ಯಾಕೆ ಬರೀತೀರಿ ಮೇಡಂ?”

ಫೋನ್ ಇಟ್ಟೆ. ಗೋಕಾಕದ ಆರು ಔಷಧಿ ಅಂಗಡಿಗಳಿಗೆ ಫೋನ್ ಮಾಡಿದೆ. ಎಲ್ಲರದೂ ಒಂದೇ ಮಾತು: ಬೆಳಗಾವಿಯಿಂದ ತರಿಸಬೇಕು, ಶನಿವಾರವಾಗುತ್ತದೆ. ಮಾವನವರು ಮಾತ್ರ ಗಾದಿಯ ಮೇಲೆ ಕುಳಿತು ಶಾಂತವಾಗಿ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದರು.

“ಯಾಕ ಇಷ್ಟ ತ್ರಾಸ ಮಾಡ್ಕೋತಿ? ಬರ್ತೈತಿ ತಗೋ.”

“ಎಲ್ಲಿಂದ ಬರ್ತೈತ್ರಿ ಮಾವಾರ? ಆರ್ಡರೇ ಹೋಗಿಲ್ಲ. ನೀವು ಹೇಳಿದ್ರಿ ಅಂತ ನಾನು ಒಂದು ಬರದೆ, ಅದಕ್ಕ ಹಿಂಗಾತು.”

ಮದುವೆಯಾದ ಹದಿಮೂರು ವರ್ಷದಲ್ಲಿ ಅವರಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವರು ದಾರ ಕಡಿದು, ಗಂಟು ಹಾಕಿ, ಪೊಟ್ಟಣವನ್ನು ಬದಿಗಿಟ್ಟರು. ಅವರ ಕಿವಿಯ ತುದಿ ಕೆಂಪಾದದ್ದು ಕಂಡು ನನಗೆ ಇನ್ನಷ್ಟು ಕೆಡುಕೆನಿಸಿತು.

ಮೂರೂವರೆಗೆ ಗಂಗವ್ವಜ್ಜಿ ಬಂದರು. ಬಿಸಿಲಿಗೆ ಮುಖವೆಲ್ಲ ಬೆವೆತಿತ್ತು. ಚಪ್ಪಲಿ ಹೊರಗೆ ಬಿಟ್ಟು, ಕಟ್ಟೆಯ ಮೇಲೆ ಕುಳಿತು, ನಾನು ಕೇಳುವ ಮೊದಲೇ ಹೇಳಿದರು:

“ಡಬ್ಬಿ ತಳಾ ಕೆರದು ಮಧ್ಯಾನದ್ದು ಕುಡಿಸಿ ಬಂದೇನಿ ನೋಡ ಯವ್ವಾ. ಐದರ ಬಸ್ಸಿಗೆ ಹೋಗಿ ಮುಟ್ಟಿದ್ರ ಕೂಸು ಅಳೂದ್ರಾಗ ಆಗ್ತೈತಿ.”

ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಮಾವನವರು ನನಗಿಂತ ಮೊದಲು, “ಗಾಡಿ ಬರೂತನಕ ಕುಂದ್ರವಾ, ನೀರು ಕುಡಿ,” ಎಂದುಬಿಟ್ಟರು. ಈ ಮುದುಕಿಯನ್ನು ಸುಳ್ಳು ಆಸೆಯ ಮೇಲೆ ಕೂಡಿಸಿದರಲ್ಲ ಎಂದು ನನಗೆ ಅಳುವೇ ಬಂದಂತಾಯಿತು. ತಂಬಿಗೆ ಕೊಡುವಾಗ ಆಕೆಯ ಮುಖ ನೋಡಲಿಲ್ಲ. ಗಂಜಿ ಮಾಡಿ ಕುಡಿಸಬಹುದೇ, ಡಾಕ್ಟರಿಗೆ ಫೋನ್ ಮಾಡಿ ಕೇಳಲೇ ಎಂದು ಒಳಗೊಳಗೇ ಲೆಕ್ಕ ಹಾಕುತ್ತ ನಿಂತಿದ್ದೆ.

ನಾಲ್ಕಕ್ಕೆ ಗಾಡಿ ಬಂತು. ಡ್ರೈವರ್ ಎಣ್ಣೆಯ ಡಬ್ಬ, ಸಾಬೂನಿನ ಪೆಟ್ಟಿಗೆ, ಅವಲಕ್ಕಿ ಚೀಲ ಇಳಿಸಿದ. ಆಮೇಲೆ ಸೀಟಿನ ಪಕ್ಕದಿಂದ ಒಂದು ಸಣ್ಣ ರಟ್ಟಿನ ಪೆಟ್ಟಿಗೆ ತೆಗೆದು, “ಇದರದು ಬ್ಯಾರೆ ಬಿಲ್ ಐತ್ರಿ ಅಕ್ಕಾರ,” ಎಂದು ನನ್ನ ಕೈಗಿಟ್ಟ. ಬಿಚ್ಚಿದರೆ ಸೋಯಾ ಹಾಲಿನ ಪುಡಿ, ಮೂರು ಡಬ್ಬಿ.

ಸಂತೋಷಕ್ಕಿಂತ ಮೊದಲು ನನಗೆ ಸಿಟ್ಟು ಬಂತೆಂದರೆ ನೀವು ನಂಬಬೇಕು. ಬೆಳಗಿನಿಂದ ಇಲ್ಲ ಇಲ್ಲ ಎಂದು ಸಾಯಿಸಿ ಈಗ ಕಳಿಸಿದರೆ! ಅದೂ ಮೂರು. ನಾವು ಎಂದೂ ಮೂರು ತರಿಸಿದ್ದಿಲ್ಲ. ಹೆಚ್ಚಿನದನ್ನು ಗಾಡಿಗೇ ವಾಪಸ್ ಹಾಕಬೇಕೆಂದು, ಎರಡನ್ನು ಅಜ್ಜಿಯ ಮುಂದಿಟ್ಟು, ಮೂರನೆಯದನ್ನು ಕೈಯಲ್ಲಿ ಹಿಡಿದೆ. ಅಜ್ಜಿ ಕೈ ಚಾಚಿದರು.

“ಅದನ್ನೂ ಕೊಡ ಯವ್ವಾ. ಬರೂ ಗುರುವಾರ ನನಗ ಬರಾಕ ಆಗಾಂಗಿಲ್ಲ, ಮೂರು ದಿನಾ ತಡಾ ಆಗ್ತೈತಿ. ದಡ್ಡಿ ಊರಾಗ ನನ್ನ ತಂಗಿಗಿ ಆರಾಮಿಲ್ಲಂತ, ಬಸ್ಸಿನ್ಯಾಗ ಕುಂತಾಗ ಫೋನ್ ಬಂತು. ಶನಿವಾರ ಹೋಗಾಕಿ ಅದೇನಿ. ಒಂದು ಹೆಚ್ಚಿಗಿ ಕೇಳಬೇಕಂತನ ಬಂದ್ನಿ, ನೀ ಮೊದಲ ತರಿಸಿ ಇಟ್ಟೀಯಲ್ಲ!”

ಬಿಲ್ಲನ್ನು ಆಗ ಸರಿಯಾಗಿ ನೋಡಿದೆ. ನಮ್ಮ ಅಂಗಡಿಯ ಹೆಸರು, ನಮ್ಮ ಸಂಖ್ಯೆ. ಅದೇ ದಿನದ ತಾರೀಖು, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಮೂಲೆಯಲ್ಲಿ ‘ಕೌಂಟರ್’. ಆ ಹೊತ್ತಿಗೆ ಅಜ್ಜಿಗೆ ಫೋನೂ ಬಂದಿರಲಿಲ್ಲ, ನಾನು ಎದ್ದೂ ಇರಲಿಲ್ಲ. ಕೀಲಿ ಮನೆಯ ಮೊಳೆಯಲ್ಲಿತ್ತು. ಮಾವನವರಿಗೆ ಕಂಪ್ಯೂಟರಿನ ಮೇಲಿನ ಧೂಳು ಒರೆಸಲೂ ಅಂಜಿಕೆ. ಇಂಗ್ಲಿಷ್ ಅಕ್ಷರ ಬಾರದು. ಕಂಪ್ಯೂಟರ್ ತೆಗೆದು ನೋಡಿದೆ. ಬೆಳಿಗ್ಗೆ ಖಾಲಿಯಾಗಿದ್ದ ಆರ್ಡರಿನ ಸಾಲಿನಲ್ಲಿ ಈಗ ಆ ಆರ್ಡರ್ ಇತ್ತು. ಸ್ಟಾಕ್ ಕಾಲಮ್ಮಿನಲ್ಲಿ ನಾನು ಬರೆದ ಸುಳ್ಳು ಒಂದು ಹಾಗೆಯೇ ಇತ್ತು.

“ಅಂಗಡ್ಯಾಗ ಖಾಲಿ ಅನಬಾರದು ಅನ್ನೂದು ಇದಕ್ಕ ನೋಡು,” ಎಂದರು ಮಾವನವರು. ಅಜ್ಜಿ ನಗುತ್ತ ಬಸ್ಸಿಗೆ ಹೋದರು. ನಾನೊಬ್ಬಳೇ ಬಿಲ್ ಹಿಡಿದು ನಿಂತೆ. ಇಷ್ಟು ಸುಖಾಂತವಾದ ಸಂಗತಿಯ ಮೇಲೆ ಯಾಕೆ ಹಾಗೆ ರೇಗುತ್ತಿತ್ತೋ ನನಗೇ ತಿಳಿಯದು. ಕಾರಣ ಗೊತ್ತಿಲ್ಲದ ಉಪಕಾರ ಚಪ್ಪಲಿಯೊಳಗಿನ ಹರಳಿನ ಹಾಗೆ ಚುಚ್ಚುತ್ತಿತ್ತು.

ಯಜಮಾನರು ಫೋನಿಗೆ ಸಿಕ್ಕಿದ್ದು ಐದೂವರೆಗೆ. ತಾವು ಹಾಕಿಲ್ಲ ಎಂದರು. ಆಮೇಲೆ ಒಂದು ಕಾರಣವನ್ನೂ ಕೊಟ್ಟರು: “ರಾತ್ರಿ ಕಂಪ್ಯೂಟರ್ ಬಂದ್ ಮಾಡೂದ ಮರತಿರಬೇಕು. ಪ್ರತಿ ಗುರುವಾರ ಹೋಗೂ ಮಾಲು ಅಂತ ಅದು ತಾನ ಲೆಕ್ಕಾ ಮಾಡಿ ಹಾಕೈತಿ. ಬಿಲ್ಲಿನ್ಯಾಗ ತಪ್ಪಿ ಕೌಂಟರ್ ಅಂತ ಬಿದ್ದೈತಿ, ಎರಡರ ಜಾಗಾದಾಗ ಮೂರು ಬಿದ್ದೈತಿ. ಅಷ್ಟ.” ತಪ್ಪಿನ ಮೇಲೆ ತಪ್ಪು ಬಿದ್ದು ಸರಿಯಾಗಿದೆ ಎಂಬ ಮಾತು ಅದು. ಆದರೂ ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಒಂದು ತಾಸು ಅದು ಸಾಕಾಯಿತು ಕೂಡ. ಆಮೇಲೆ ಸಾಕಾಗಲಿಲ್ಲ. ಗೋದಾಮಿಗೆ ಎರಡು ಸಲ, ಕಂಪನಿಗೆ ಮೂರು ಸಲ ಬರೆದು ಕೇಳಿದ್ದೇನೆ. ನಿಮ್ಮ ಅಂಗಡಿಯಿಂದಲೇ ಹಾಕಿದ್ದಾರೆ ಎಂಬ ಉತ್ತರಕ್ಕಿಂತ ಮುಂದೆ ಯಾರೂ ಹೋಗುವುದಿಲ್ಲ. ನಾನೂ ಹೋಗಲಾರದೆ ಅಲ್ಲೇ ನಿಂತಿದ್ದೇನೆ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಹಿಟ್ಟಿನ ಗಿರಣಿಯ ಕಾಶವ್ವ ಚಹಾಪುಡಿಗೆಂದು ಬಂದಿದ್ದಳು. ಕೂದಲು, ಹುಬ್ಬು, ರವಿಕೆಯ ತೋಳು, ಎಲ್ಲದರ ಮೇಲೂ ಹಿಟ್ಟು. ಯಾಕೆ ಇಷ್ಟು ಹೊತ್ತಾದರೂ ಗಿರಣಿ ನಡೆಯುತ್ತಿದೆ ಎಂದು ಸುಮ್ಮನೆ ಕೇಳಿದೆ. ಪುಡಿಯ ಪೊಟ್ಟಣವನ್ನು ಮೂಗಿಗೆ ಹಿಡಿದು ವಾಸನೆ ನೋಡುತ್ತ ಆಕೆ ಅಂದಳು:

“ಏನ ಹೇಳ್ಲಿ ವೈನಿ, ನಿಮ್ಮಂಗ ಒಂಬತ್ತಕ್ಕ ಬಂದು ಕುಂದ್ರೂ ದಂಧೆ ಅಲ್ಲ ನಂದು. ನಿನ್ನೆ ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದು, ಇವತ್ತ ಮುಂಜಾನಿ ಎಂಟೂವರಿತನಾ ಈ ಓಣ್ಯಾಗ ಒಂದ ದೀಪಾ ಹತ್ತಿಲ್ಲ. ಲೈನ್‌ಮನ್ ಈಗ ಬರ್ತಾನ, ಆಗ ಬರ್ತಾನ ಅಂತ ನಾಲ್ಕೂವರಿಯಿಂದ ನಿಮ್ಮ ಕಟ್ಟಿ ಮ್ಯಾಲ, ಇದ ಶಟರಿಗೆ ಬೆನ್ನ ಹಚ್ಚಿ ಕುಂತಿದ್ನಿ, ಒಂದ ನಾಯಿ ಸೈತ ಸುಳೀಲಿಲ್ಲ. ನೀವರ ಆ ಕಂಪ್ಯೂಟರಿಗೆ ಒಂದ ಬ್ಯಾಟರಿ ಹಾಕಿಸ್ರಿ, ಕರೆಂಟ್ ಹೋದ್ರ ಅದೂ ನಮ್ಮ ಗಿರಣಿಯಂಗ ಕಲ್ಲ ನೋಡ್ರಿ.”